ಮೊದಲ ಮರ್ಯಾದೆ ಯಾರಿಗೆ?

ಊರ ದೊಡ್ಡಮನುಷ್ಯ, ಹರಿಗೋಲಿನ ಹುಡುಗಿ, ಚಪ್ಪಲಿ ಹೊಲಿಯುವವನ ಮಗಳು... ನಮ್ಮ ಕಾವೇರಿ ದಂಡೆಯಲ್ಲಿ ಹುಟ್ಟಿದ ಒಂದು ತಮಿಳು ಪ್ರೇಮಕಥೆ!

ಹೊಳೆ ದಂಡೆಯ ಮೇಲೊಂದು ಗುಡಿಸಲು. ಒಳಗೆ ಒಬ್ಬ ಮುದುಕ ಮಲಗಿದ್ದಾನೆ. ಉಸಿರು ಗಂಟಲಿಗೆ ಬಂದು ನಿಂತಿದೆ. ಸುತ್ತ ಜನ ಸೇರಿದ್ದಾರೆ. ಆದರೆ ಆ ಜೀವ ಹೋಗಲು ಒಪ್ಪುತ್ತಿಲ್ಲ. ಯಾರದೋ ದಾರಿ ಕಾಯುತ್ತಿದೆ.

ಯಾರಪ್ಪಾ ಈ ಮುದುಕ? ಬಡವನೇ? ದಿಕ್ಕಿಲ್ಲದವನೇ? ಖಂಡಿತ ಅಲ್ಲ! ಊರಿಗೆಲ್ಲ ದೊಡ್ಡಮನುಷ್ಯ. ಹೊಲ, ಮನೆ, ಹೆಂಡತಿ, ಮಗಳು ಎಲ್ಲ ಉಂಟು. ಹಾಗಿದ್ದೂ ಅವನು ಸಾಯಲು ಆರಿಸಿಕೊಂಡ ಜಾಗ ಆ ದೊಡ್ಡ ಮನೆಯಲ್ಲ, ಈ ಗುಡಿಸಲು. ಅವನ ಕಣ್ಣು ಹುಡುಕುತ್ತಿರುವುದು ಹೆಂಡತಿಯನ್ನಲ್ಲ, ಮಗಳನ್ನೂ ಅಲ್ಲ. ಜೈಲಿನಲ್ಲಿರುವ ಒಬ್ಬ ಹರಿಗೋಲಿನ ಹುಡುಗಿಯನ್ನು!

ಹೀಗೆ ಶುರುವಾಗುತ್ತದೆ 'ಮುದಲ್ ಮರಿಯಾದೈ'. 1985ರ ಆಗಸ್ಟ್ 15ರಂದು ತೆರೆಗೆ ಬಂದ ಈ ತಮಿಳು ಚಿತ್ರದ ನಿರ್ದೇಶಕ ಭಾರತಿರಾಜಾ. ಆ ಮುದುಕನ ಪಾತ್ರದಲ್ಲಿ ಶಿವಾಜಿ ಗಣೇಶನ್. ಹುಡುಗಿಯಾಗಿ ರಾಧಾ. ಸಂಗೀತ ಇಳಯರಾಜ. ಕಥೆ ಆರ್. ಸೆಲ್ವರಾಜ್ ಅವರದು. ಇಷ್ಟು ಹೆಸರು ಕೇಳಿದರೇ ಗಾಂಧಿ ಕ್ಲಾಸಿನಲ್ಲಿ ಕೂತವನು ಒಂದು ಶಿಳ್ಳೆ ಹೊಡೆದಾನು. ಆದರೆ ಓದುಗ ಮಿತ್ರರೇ, ಈ ಚಿತ್ರ ಶಿಳ್ಳೆ ಹೊಡೆಸಿಕೊಳ್ಳುವ ಚಿತ್ರವಲ್ಲ. ಶಿಳ್ಳೆ ಹೊಡೆಯಲು ಬಾಯಿಗಿಟ್ಟ ಬೆರಳು ಅಲ್ಲೇ ನಿಂತುಬಿಡುವಂಥ ಚಿತ್ರ.

ಅದೇ ಮಾತು, ಅದೇ ಅರ್ಥ

ಮೊದಲು ಹೆಸರನ್ನೇ ನೋಡೋಣ. 'ಮುದಲ್ ಮರಿಯಾದೈ' ಅಂದರೆ 'ಮೊದಲ ಮರ್ಯಾದೆ'. ಭಾಷಾಂತರ ಮಾಡಬೇಕಾದ ಅಗತ್ಯವೇ ಇಲ್ಲ, ಅಲ್ವೇ? ಎರಡೂ ಕಡೆ ಒಂದೇ ಮಾತು. ಹಳ್ಳಿಯಲ್ಲಿ ಹುಟ್ಟಿದವರಿಗೆ ಇದರ ತೂಕವೂ ಗೊತ್ತು. ಜಾತ್ರೆಯಲ್ಲಿ ಮೊದಲ ತೆಂಗಿನಕಾಯಿ ಯಾರದು? ಪೂಜೆಯಾದ ಮೇಲೆ ಮೊದಲ ತೀರ್ಥ ಯಾರಿಗೆ? ಮದುವೆ ಚಪ್ಪರದಲ್ಲಿ ಮೊದಲ ವೀಳ್ಯ ಯಾರ ಕೈಗೆ? ಇದರಲ್ಲಿ ಒಂದು ಚೂರು ಹಿಂದುಮುಂದಾದರೂ ಸಾಕು, ದೇವರ ತೇರು ಅಲ್ಲೇ ನಿಂತುಬಿಡುತ್ತದೆ, ಅಣ್ಣತಮ್ಮಂದಿರು ಕೋರ್ಟು ಹತ್ತುತ್ತಾರೆ.

ಈ ಮೊದಲ ಮರ್ಯಾದೆ ಹೋಗುವುದು ಹೊಲ ಇದ್ದವನಿಗೆ, ಕುಲ ಇದ್ದವನಿಗೆ. ಹೊಳೆ ದಾಟಿಸುವವರಿಗೆ ಅಲ್ಲ. ಚಪ್ಪಲಿ ಹೊಲಿಯುವವರಿಗಂತೂ ಅಲ್ಲವೇ ಅಲ್ಲ. ಅವರು ಸಾಲಿನ ಕೊನೆಯಲ್ಲಿ, ಎಷ್ಟೋ ಊರುಗಳಲ್ಲಿ ಸಾಲಿನಿಂದಲೇ ಹೊರಗೆ!

ಭಾರತಿರಾಜಾ ಇದೇ ಮಾತನ್ನು ತಮ್ಮ ಚಿತ್ರದ ಹಣೆಯ ಮೇಲೆ ಬರೆದರು. ಬರೆದು ಒಂದು ಪ್ರಶ್ನೆ ಕೇಳಿದರು. ನಿಜವಾಗಿ ನೋಡಿದರೆ, ಮೊದಲ ಮರ್ಯಾದೆ ಸಲ್ಲಬೇಕಾದದ್ದು ಯಾರಿಗೆ?

ದೊಡ್ಡ ಮನೆಯ ಗುಟ್ಟು

ಮಲೈಚಾಮಿ ಊರಿನ ಹಿರಿಯ. ನಮ್ಮ ಕಡೆಯ ಊರಗೌಡನಿದ್ದ ಹಾಗೆ. ಅವನು ಹೇಳಿದ್ದೇ ನ್ಯಾಯ. ದಾರಿಯಲ್ಲಿ ನಡೆದರೆ ಜನ ಎದ್ದು ನಿಲ್ಲುತ್ತಾರೆ. ಆದರೆ ಮನೆಯ ಹೊಸ್ತಿಲು ದಾಟಿದರೆ? ಅಲ್ಲಿ ಹೆಂಡತಿ ಪೊನ್ನಾತ್ತಾಳ ಬಾಯಿ! ಉಣ್ಣುವ ತುತ್ತಿಗೂ ಬೈಗುಳವೇ ಉಪ್ಪಿನಕಾಯಿ. ಊರಿಗೆ ನ್ಯಾಯ ಹೇಳುವ ಮನುಷ್ಯ ಮನೆಯಲ್ಲಿ ಮಾತು ನುಂಗಿಕೊಂಡು ಕೂರುತ್ತಾನೆ. ಏಕೆ?

ಆ ಗುಟ್ಟನ್ನು ಚಿತ್ರ ತಡವಾಗಿ ಬಿಚ್ಚುತ್ತದೆ. ಮದುವೆಗೆ ಮೊದಲೇ ಪೊನ್ನಾತ್ತಾ ಬೇರೊಬ್ಬನನ್ನು ನಂಬಿ ಬಸಿರಾದವಳು. ಆ ಗಂಡಸು ಕೈಕೊಟ್ಟು ಹೋದ. ಹುಡುಗಿಯ ತಂದೆ ಮಲೈಚಾಮಿಯ ಕಾಲು ಹಿಡಿದ. ಮನೆತನದ ಮರ್ಯಾದೆ ಉಳಿಸು ಅಂದ. ಮಲೈಚಾಮಿ ತಾಳಿ ಕಟ್ಟಿದ. ಆದರೆ ಅದು ತಾಳಿ ಮಾತ್ರ. ಅವನು ಮಗಳೆಂದು ಸಾಕಿ ಬೆಳೆಸಿದ್ದು ತನ್ನ ಮಗಳನ್ನಲ್ಲ. ಅವರಿಬ್ಬರ ನಡುವೆ ಒಂದು ದಿನವೂ ದಾಂಪತ್ಯ ಅನ್ನುವುದು ನಡೆದದ್ದಿಲ್ಲ. ಒಂದು ಮನೆತನದ ಹೆಸರಿಗಾಗಿ ಒಬ್ಬ ಮನುಷ್ಯ ತನ್ನ ಇಡೀ ಯೌವನವನ್ನು ಬಾವಿಗೆ ಎಸೆದ ಹಾಗಾಯಿತು.

ಊರು ಕೊಡುವ ಮರ್ಯಾದೆಯ ಬೆಲೆ ಎಷ್ಟು ಗೊತ್ತಾಯಿತೇ? ಆದರೆ ಸ್ವಲ್ಪ ತಾಳಿ. ಇದಕ್ಕಿಂತ ಹೆಚ್ಚಿನ ಬೆಲೆ ತೆರುವವರು ಇನ್ನೂ ಬರುವವರಿದ್ದಾರೆ.

ಹರಿಗೋಲು ತಂದ ಗಾಳಿ

ಆ ಊರಿಗೆ ಹೊಟ್ಟೆಪಾಡಿಗೆ ಬರುತ್ತಾಳೆ ಕುಯಿಲ್. ಕುಯಿಲ್ ಅಂದರೆ ಕೋಗಿಲೆ. ಜೊತೆಗೆ ಅಪ್ಪ. ಹೊಳೆ ದಂಡೆಯಲ್ಲಿ ಗುಡಿಸಲು. ಕೆಲಸ, ಹರಿಗೋಲು ಹಾಕಿ ಜನರನ್ನು ದಾಟಿಸುವುದು. ವಯಸ್ಸಿನಲ್ಲಿ ಮಲೈಚಾಮಿಯ ಮಗಳಂತೆ. ಮಾತಿನಲ್ಲಿ ಮಾತ್ರ ಯಾರಿಗೂ ಕಡಿಮೆ ಇಲ್ಲ. ಊರೆಲ್ಲ ಕೈಮುಗಿಯುವ ದೊಡ್ಡಮನುಷ್ಯನನ್ನೇ ಹಿಡಿದು ತಮಾಷೆ ಮಾಡುತ್ತಾಳೆ. ಅವನಿಗೆ ಮೊದಮೊದಲು ಸಿಟ್ಟು. ಆಮೇಲೆ ನಗು. ಆಮೇಲೆ... ಆ ನಗುವಿಲ್ಲದೆ ದಿನವೇ ಹೋಗುವುದಿಲ್ಲ!

ಒಂದು ದೃಶ್ಯವನ್ನಂತೂ ನೋಡಿದವರು ಮರೆಯಲಾರರು. ನಮ್ಮ ಹಳ್ಳಿಗಳಲ್ಲಿ ಗುಂಡುಕಲ್ಲು ಎತ್ತುವ ಪಂದ್ಯ ಇಲ್ಲವೇ, ಹಾಗೆ ಅಲ್ಲೂ ಒಂದು ದಪ್ಪ ಕಲ್ಲು. ಅದನ್ನು ಎತ್ತುವ ಗಂಡಸನ್ನೇ ಕಟ್ಟಿಕೊಳ್ಳುತ್ತೇನೆ ಅಂತ ಅವಳ ಹುಡುಗಾಟಿಕೆಯ ಮಾತು. ಯಾರೂ ಇಲ್ಲದ ಹೊತ್ತಿನಲ್ಲಿ ಈ ನರೆತ ಮೀಸೆಯ ಮನುಷ್ಯ ಸುತ್ತ ಒಮ್ಮೆ ನೋಡುತ್ತಾನೆ. ಕಲ್ಲಿಗೆ ಕೈಹಾಕುತ್ತಾನೆ. ಎತ್ತಿಯೇ ಬಿಡುತ್ತಾನೆ! ಯಾರೂ ನೋಡಲಿಲ್ಲ ಅಂದುಕೊಳ್ಳುತ್ತಾನೆ. ಆದರೆ ನೋಡಬೇಕಾದವಳು ನೋಡಿಬಿಟ್ಟಿರುತ್ತಾಳೆ. ಆಗ ಶಿವಾಜಿಯವರ ಮುಖದಲ್ಲಿ ಮೂಡುವ ನಾಚಿಕೆ ಇದೆಯಲ್ಲ... ಕದ್ದು ಬೆಲ್ಲ ತಿಂದು ಸಿಕ್ಕಿಬಿದ್ದ ಹುಡುಗನದು!

ಇನ್ನೊಂದು ಮೀನಿನ ಸಾರಿನ ಪ್ರಸಂಗ. ಮನೆಯಲ್ಲಿ ಬೈಗುಳದ ಜೊತೆ ಊಟ ಮಾಡುವ ಮನುಷ್ಯ, ಗುಡಿಸಲಿನಲ್ಲಿ ಅವಳು ಮಾಡಿದ ಮೀನನ್ನು ಚಪ್ಪರಿಸಿ ತಿನ್ನುತ್ತಾನೆ. ಇಷ್ಟೇ ಕಣ್ರೀ ಪ್ರೇಮ! ಅಪ್ಪುಗೆಯಿಲ್ಲ, ಮರ ಸುತ್ತುವುದಿಲ್ಲ. ಒಂದು ತುತ್ತು ನೆಮ್ಮದಿಯ ಊಟ. ಆದರೆ ದೊಡ್ಡ ಮನೆಯವನು ಗುಡಿಸಲಿನಲ್ಲಿ ಕೂತು ಉಂಡ ಅನ್ನುವುದನ್ನು ಊರು ಸುಮ್ಮನೆ ಬಿಟ್ಟೀತೇ? ಗುಸುಗುಸು ಶುರುವಾಯಿತು. ಗುಸುಗುಸು ಪಂಚಾಯ್ತಿಯ ತನಕ ಹೋಯಿತು. ಹೆಂಡತಿಯೇ ನಿಂತು ದೂರು ಹೇಳಿದಳು. ಇಲ್ಲದ ಸಂಬಂಧವನ್ನು ಇದೆ ಅಂತ ಊರು ಹೇಳಿತು. ಮಲೈಚಾಮಿಗೆ ರೇಗಿತು. ಹೌದು ಕಣ್ರೋ, ಇಟ್ಟುಕೊಂಡಿದ್ದೇನೆ, ಏನೀಗ ಅನ್ನುವ ಧಾಟಿಯಲ್ಲಿ ಎದೆ ಕೊಟ್ಟು ನಿಂತುಬಿಟ್ಟ! ಸಿಟ್ಟಿನಲ್ಲಿ ಆಡಿದ ಸುಳ್ಳು. ಆದರೆ ಆ ಸುಳ್ಳಿನ ಹೊಟ್ಟೆಯಲ್ಲಿ ಅವನು ತನಗೇ ಹೇಳಿಕೊಳ್ಳದ ನಿಜ ಕೂತಿತ್ತು.

ಗುರುವಿನ ಪ್ರಶ್ನೆ, ಶಿಷ್ಯನ ಉತ್ತರ

ಈ ದೊಡ್ಡ ಕಥೆಯ ಪಕ್ಕದಲ್ಲೇ ಇನ್ನೊಂದು ಕಥೆ ಹರಿಯುತ್ತದೆ. ಹುಡುಗರ ಕಥೆ. ಚಿತ್ರದ ನಿಜವಾದ ಕಿಚ್ಚು ಇರುವುದು ಇಲ್ಲೇ.

ಚೆಲ್ಲಕಣ್ಣು ಮಲೈಚಾಮಿಯ ಕಡೆಯ ಹುಡುಗ. ಸೆವುಳಿ ಚಪ್ಪಲಿ ಹೊಲಿಯುವ ಚೆಂಗೋಡನ್‌ನ ಮಗಳು. ದೀಪನ್ ಮತ್ತು ರಂಜನಿ ಈ ಜೋಡಿ. ಇಬ್ಬರಿಗೂ ಪ್ರೀತಿ. ಹುಡುಗನದು ಊರ ನಡುವಿನ ಮನೆ, ಹುಡುಗಿಯದು ಊರಾಚೆ. ಇವರ ನಡುವೆ ಇರುವುದು ನಾಲ್ಕು ಹೆಜ್ಜೆ ದಾರಿ. ಆದರೆ ಆ ನಾಲ್ಕು ಹೆಜ್ಜೆ ದಾಟಲು ನಮ್ಮ ಹಳ್ಳಿಗಳಲ್ಲಿ ನಾಲ್ಕು ತಲೆಮಾರು ಸಾಲದು.

ವಿಷಯ ಮಲೈಚಾಮಿಯ ಮುಂದೆ ಬರುತ್ತದೆ. ಈಗ ಅವನು ಏನು ಮಾಡಬೇಕು? ಊರಿನ ಹಿರಿಯ, ಕುಲದ ಕಟ್ಟಳೆ ಕಾಯಬೇಕಾದವನು. ಇಲ್ಲಿ ನಮಗೆ ನೆನಪಾಗಬೇಕಾದವರು ನಮ್ಮ ಚಾಮಯ್ಯ ಮೇಷ್ಟ್ರು! ಹೌದು, 1972ರ 'ನಾಗರಹಾವು'. ತ.ರಾ.ಸು. ಅವರ ಕಾದಂಬರಿ, ಪುಟ್ಟಣ್ಣ ಕಣಗಾಲ್ ಅವರ ನಿರ್ದೇಶನ. ಮೇಷ್ಟ್ರು ಕೆಟ್ಟವರಲ್ಲ, ರಾಮಾಚಾರಿಯನ್ನು ಹೆತ್ತ ಮಗನಿಗಿಂತ ಹೆಚ್ಚಾಗಿ ಪ್ರೀತಿಸಿದವರು. ಆದರೆ ಪ್ರೇಮಕ್ಕೆ ಜಾತಿ ಅಡ್ಡ ಬಂದಾಗ ಅವರು ಕಟ್ಟಳೆಯ ಕಡೆ ನಿಂತರು. ಶಿಷ್ಯನಿಂದ ತ್ಯಾಗ ಕೇಳಿದರು. ಅಲಮೇಲು ಬೇರೆಯವನ ಪಾಲಾಗಿ ಬಾಳು ಹಾಳಾಯಿತು. ಮಾರ್ಗರೆಟ್ ವಿಷಯ ಬಂದಾಗಲೂ ಅದೇ. ಕೊನೆಗೆ ಚಿತ್ರದುರ್ಗದ ಬಂಡೆಯ ಮೇಲೆ ಮೂರು ಜೀವ ಹೋದವು.

ಈಗ ಕೇಳಿ. 'ಮುದಲ್ ಮರಿಯಾದೈ' ಮಾಡಿದ ಭಾರತಿರಾಜಾ ಇದೇ ಪುಟ್ಟಣ್ಣನವರ ಗರಡಿಯಲ್ಲಿ ಸಹಾಯಕರಾಗಿ ಪಳಗಿದವರು! ತೇಣಿಯ ಬಳಿಯ ಅಲ್ಲಿನಗರಂ ಎಂಬ ಊರಿನ ಚಿನ್ನಸಾಮಿ, ಕೋಡಂಬಾಕಂಗೆ ಬಂದು ಕನ್ನಡದ ನಿರ್ದೇಶಕನ ಕೈಕೆಳಗೆ ಕಸುಬು ಕಲಿತರು. ಗುರುವಿನ ಚಿತ್ರದಲ್ಲಿ ಹಿರಿಯನು ಪ್ರೇಮಿಗಳಿಗೆ ಅಡ್ಡ ನಿಂತ. ಶಿಷ್ಯನ ಚಿತ್ರದಲ್ಲಿ ಹಿರಿಯನು ತಾನೇ ಮುಂದೆ ನಿಂತು ಚೆಲ್ಲಕಣ್ಣುವಿಗೂ ಸೆವುಳಿಗೂ ಮದುವೆ ಮಾಡಿಸುತ್ತಾನೆ! ಇದು ಬೇಕೆಂದೇ ಕೊಟ್ಟ ಉತ್ತರ ಅಂತ ನಾವು ಹೇಳುತ್ತಿಲ್ಲ. ಆದರೆ ಎರಡೂ ಚಿತ್ರಗಳನ್ನು ಹಿಂದುಮುಂದಾಗಿ ನೋಡಿ. ಹಾಗೆ ಅನ್ನಿಸದಿದ್ದರೆ ಕೇಳಿ.

ಮದುವೆಯಾದರೆ ಎಲ್ಲ ಮುಗಿಯಿತೇ? ಅಷ್ಟು ಸುಲಭವೇ? ಸೆವುಳಿ ಹೆಣವಾಗಿ ಸಿಗುತ್ತಾಳೆ. ಮೈಮೇಲಿನ ಒಡವೆಯ ಆಸೆಗೆ ಕೊಂದವನು ಬೇರೆ ಯಾರೂ ಅಲ್ಲ, ಮಲೈಚಾಮಿಯ ಮನೆಯ ಅಳಿಯ! ಮಾತುಮಾತಿಗೆ 'ನನಗೆ ಒಂದು ನಿಜ ಗೊತ್ತಾಗಬೇಕು ಸಾಮಿ' ಎಂದು ಬೆನ್ನು ಹತ್ತುವ ಮುದುಕ ಚೆಂಗೋಡನ್ (ಎ.ಕೆ. ವೀರಸಾಮಿ) ಅಲ್ಲಿಯ ತನಕ ನಮ್ಮನ್ನು ನಗಿಸಿದವನು. ಇನ್ನು ಅವನ ಮುಖ ನೋಡಲಾಗುವುದಿಲ್ಲ. ಬಡವನಿಗೆ ಬೇಕಾದದ್ದು ಒಂದು ನಿಜ. ಆ ನಿಜ ದೊಡ್ಡ ಮನೆಯೊಳಗೇ ಅಡಗಿ ಕೂತಿದೆ.

ಮಲೈಚಾಮಿ ಅದನ್ನು ಮುಚ್ಚಿಡಬಹುದಿತ್ತು. ಮಗಳ ತಾಳಿಯ ಪ್ರಶ್ನೆ. ಮನೆಯ ಹೆಸರಿನ ಪ್ರಶ್ನೆ. ಹಿಂದೆ ಒಮ್ಮೆ ಇದೇ ಹೆಸರಿಗಾಗಿ ತನ್ನ ಬಾಳನ್ನೇ ಕೊಟ್ಟವನು. ಆದರೆ ಈ ಸಲ ಹೆಸರಿಗಿಂತ ನ್ಯಾಯ ದೊಡ್ಡದಾಯಿತು. ಅಳಿಯನನ್ನು ಪೊಲೀಸರ ಕೈಗೆ ಒಪ್ಪಿಸಿಬಿಟ್ಟ. ಚಿತ್ರದಲ್ಲಿ ಆ ಮನುಷ್ಯ ಗುಂಡುಕಲ್ಲಿಗಿಂತ ಭಾರವಾದದ್ದನ್ನು ಎತ್ತಿದ್ದು ಇಲ್ಲಿ.

ನಮ್ಮ ನೆಲ, ನಮ್ಮ ಹೊಳೆ

ಪುಟ್ಟಣ್ಣನವರ ನಂಟು ಹೇಳಿದ್ದಾಯಿತು. ಕನ್ನಡ ನೆಲದ ನಂಟು ಅಷ್ಟಕ್ಕೇ ಮುಗಿಯುವುದಿಲ್ಲ. ಈ ತಮಿಳು ಹಳ್ಳಿಯ ಚಿತ್ರೀಕರಣ ನಡೆದದ್ದು ನಮ್ಮ ತಲಕಾಡು, ಶಿವನಸಮುದ್ರದ ಕಡೆ. ಕುಯಿಲ್ ಹುಟ್ಟು ಹಾಕುವ ಹೊಳೆ ನಮ್ಮ ಕಾವೇರಿ! ಮರಳಿನಲ್ಲಿ ಹೂತ ಪಂಚಲಿಂಗಗಳ ಊರು ತಲಕಾಡು. ಅಲ್ಲಿನ ಹೊಳೆಯಲ್ಲಿ ಹರಿಗೋಲು ಹತ್ತಿದವರಿಗೆ ತೆರೆಯ ಮೇಲಿನ ಆ ನೀರಿನ ತಿರುವು, ಆ ಮರಳ ದಂಡೆ ಎಲ್ಲೋ ನೋಡಿದ್ದೇನಲ್ಲ ಅನ್ನಿಸಿದರೆ ಆಶ್ಚರ್ಯವಿಲ್ಲ.

ಭಾರತಿರಾಜಾಗೆ ಈ ಸೀಮೆ ಹೊಸದಲ್ಲ. ಅವರ ಮೊಟ್ಟಮೊದಲ ಚಿತ್ರ '16 ವಯದಿನಿಲೇ' (1977) ಚಿತ್ರೀಕರಣವಾದದ್ದೂ ಮೈಸೂರು, ಕೊಳ್ಳೇಗಾಲದ ಕಡೆಯಲ್ಲೇ. ಕಮಲಹಾಸನ್, ಶ್ರೀದೇವಿ, ನಮ್ಮ ಬೆಂಗಳೂರಿನ ಬಸ್ ಕಂಡಕ್ಟರ್ ಆಗಿದ್ದ ರಜನೀಕಾಂತ್, ಮೂವರೂ ಇದ್ದ ಚಿತ್ರ. ಸ್ಟುಡಿಯೋದೊಳಗೆ ರಟ್ಟಿನ ಹಳ್ಳಿ ಕಟ್ಟಿ ಚಿತ್ರ ತೆಗೆಯುತ್ತಿದ್ದ ಕಾಲದಲ್ಲಿ, ಕ್ಯಾಮೆರಾ ಹೊತ್ತು ನಿಜವಾದ ಹಳ್ಳಿಗೆ ಬಂದವರು ಇವರು. ಕೈಯಲ್ಲಿ ದುಡ್ಡಿಲ್ಲ. ನಿಧಾನಗತಿಯಲ್ಲಿ ಚಿತ್ರಿಸುವ ಕ್ಯಾಮೆರಾ ತರಿಸುವ ಶಕ್ತಿ ಇಲ್ಲದೆ, ಹಾಡಿನಲ್ಲಿ ಶ್ರೀದೇವಿಯನ್ನೇ ನಿಧಾನವಾಗಿ ಓಡಿಸಿ ಕೆಲಸ ಮುಗಿಸಿದರಂತೆ! ಆ ಚಿತ್ರದ ಹಾಡಿಗೇ ನಮ್ಮ ಅಚ್ಚುಮೆಚ್ಚಿನ ಎಸ್. ಜಾನಕಿಯವರಿಗೆ ರಾಷ್ಟ್ರಪ್ರಶಸ್ತಿ ಬಂತು.

ಇನ್ನೊಂದು ಮಾತು. ಕೊಳ್ಳೇಗಾಲ 1956ರ ತನಕ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ ತಾಲೂಕು. ಗಡಿ ಆಮೇಲೆ ಬಂತು. ನೀರು, ಮಣ್ಣು, ಜಾತಿ, ಜಗಳ ಎಲ್ಲ ಎರಡೂ ಕಡೆ ಒಂದೇ ಬಣ್ಣದವು. ಹಾಗಾಗಿ ತಮಿಳಿನ ಹಳ್ಳಿಯನ್ನು ಹುಡುಕಿಕೊಂಡು ಇಲ್ಲಿಗೆ ಬಂದರೆ ಅದು ಸುಳ್ಳು ಹಳ್ಳಿಯಾಗುವುದಿಲ್ಲ.

1985ರ ಜೂನ್ 5ರಂದು ಪುಟ್ಟಣ್ಣ ಕಣಗಾಲ್ ತೀರಿಕೊಂಡರು. 'ಮಸಣದ ಹೂವು' ಅರ್ಧಕ್ಕೇ ನಿಂತಿತ್ತು. ಕೆ.ಎಸ್.ಎಲ್. ಸ್ವಾಮಿಯವರು ಅದನ್ನು ಪೂರ್ತಿ ಮಾಡಿದರು. ಗುರು ಹೋದ ಎರಡು ತಿಂಗಳು ಹತ್ತು ದಿನಕ್ಕೆ ಶಿಷ್ಯನ 'ಮುದಲ್ ಮರಿಯಾದೈ' ಬಿಡುಗಡೆಯಾಯಿತು. ಗುರು ಹುಟ್ಟಿದ ಕಣಗಾಲು ಪಿರಿಯಾಪಟ್ಟಣ ತಾಲೂಕಿನಲ್ಲಿ, ಕಾವೇರಿ ಸೀಮೆಯಲ್ಲೇ. ಶಿಷ್ಯ ಚಿತ್ರ ತೆಗೆದದ್ದು ಅದೇ ಕಾವೇರಿಯ ಕೆಳದಂಡೆಯಲ್ಲಿ. ಇದಕ್ಕಿಂತ ಒಳ್ಳೆಯ ಗುರುಕಾಣಿಕೆ ಉಂಟೇ?

ಗರ್ಜಿಸದ ಸಿಂಹ

ಶಿವಾಜಿ ಗಣೇಶನ್ ಅಂದರೆ ನಮಗೆಲ್ಲ ನೆನಪಾಗುವುದೇನು? ಗುಡುಗು! ಕನ್ನಡದವರೇ ಆದ ಬಿ.ಆರ್. ಪಂತುಲು ಅವರು 'ವೀರಪಾಂಡಿಯ ಕಟ್ಟಬೊಮ್ಮನ್' (1959), 'ಕರ್ಣನ್' (1964) ಚಿತ್ರಗಳಲ್ಲಿ ಆ ಗುಡುಗನ್ನು ಕೇಳಿಸಿದ್ದರು. ಪುಟಗಟ್ಟಲೆ ಸಂಭಾಷಣೆಯನ್ನು ಒಂದೇ ಉಸಿರಿನಲ್ಲಿ ಹೇಳುವ ಕಂಠ. ಹುಬ್ಬು ಒಂದು ಸಿನಿಮಾ, ಮೀಸೆ ಒಂದು ಸಿನಿಮಾ!

ಅಂಥವರ ಮುಂದೆ ನಿಂತು 'ಅಯ್ಯಾ, ನೀವು ಅಭಿನಯಿಸಬೇಡಿ, ಸುಮ್ಮನೆ ಇದ್ದುಬಿಡಿ' ಅಂತ ಹೇಳಲು ಎಷ್ಟು ಗುಂಡಿಗೆ ಬೇಕು? ಶಿವಾಜಿಯವರಿಂದ ಅಬ್ಬರ ಬೇಡ, ಬಣ್ಣ ಬೇಡ ಎಂದು ಕೇಳಿಕೊಂಡದ್ದನ್ನು ಭಾರತಿರಾಜಾ ಆಮೇಲೆ ಹೇಳಿಕೊಂಡಿದ್ದಾರೆ. ಫಲ ಏನಾಯಿತು? 56ರ ವಯಸ್ಸಿನ ಶಿವಾಜಿ ತಮ್ಮ ನಿಜವಾದ ವಯಸ್ಸಿನಲ್ಲಿ, ನಿಜವಾದ ದೇಹದಲ್ಲಿ ತೆರೆಯ ಮೇಲೆ ಬಂದರು. ಮಾತು ಕಡಿಮೆ. ಹೆಗಲ ಮೇಲಿನ ಟವೆಲ್ಲು, ತಗ್ಗಿದ ತಲೆ, ಒಂದು ಓರೆ ನಗು. ಹೆಂಡತಿ ಬೈಯುವಾಗ ಅವರು ಉತ್ತರ ಕೊಡದೆ ಕೂರುವ ರೀತಿಯಲ್ಲೇ ಮೂವತ್ತು ವರ್ಷದ ಸಂಸಾರ ಕಾಣುತ್ತದೆ.

ಆದರೆ ನೋಡಿ ಎಂಥ ವಿಚಿತ್ರ! ಆ ವರ್ಷದ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ ಹೋದದ್ದು 'ನ್ಯೂ ಡೆಲ್ಲಿ ಟೈಮ್ಸ್' ಚಿತ್ರಕ್ಕಾಗಿ ಶಶಿ ಕಪೂರ್ ಅವರಿಗೆ. ಶಶಿ ಕಪೂರ್ ಕಡಿಮೆಯವರಲ್ಲ, ನಿಜ. ಆದರೂ ಶಿವಾಜಿ ಅಭಿಮಾನಿಗಳ ಎದೆಯಲ್ಲಿ ಆ ಮುಳ್ಳು ಉಳಿಯಿತು. ಅವರಿಗೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ ಕೊನೆಯವರೆಗೂ ಬರಲೇ ಇಲ್ಲ. 1996ರ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಬಂತು. 2001ರ ಜುಲೈ 21ರಂದು ಅವರು ತೀರಿಕೊಂಡರು. 'ಮೊದಲ ಮರ್ಯಾದೆ' ಎಂಬ ಚಿತ್ರ ಮಾಡಿದವರಿಗೇ ಮೊದಲ ಮರ್ಯಾದೆ ತಪ್ಪಿಹೋಯಿತು!

ಚಿತ್ರಕ್ಕೆ ಮಾತ್ರ ಶ್ರೇಷ್ಠ ತಮಿಳು ಚಿತ್ರ ರಾಷ್ಟ್ರಪ್ರಶಸ್ತಿ ಬಂತು. ಹಾಡು ಬರೆದ ವೈರಮುತ್ತು ಅವರಿಗೂ ರಾಷ್ಟ್ರಪ್ರಶಸ್ತಿ ಬಂತು.

ಇನ್ನು ರಾಧಾ. 1981ರಲ್ಲಿ ಭಾರತಿರಾಜಾ ಅವರ 'ಅಲೈಗಳ್ ಓಯ್ವದಿಲ್ಲೈ' ಚಿತ್ರದಿಂದಲೇ ಬೆಳಕಿಗೆ ಬಂದ ಹುಡುಗಿ. ನಮ್ಮ 'ಚಲಿಸುವ ಮೋಡಗಳು' ಚಿತ್ರದ ಅಂಬಿಕಾ ಇವರ ಅಕ್ಕ. ಕುಯಿಲ್ ಪಾತ್ರಕ್ಕೆ ಮುಖ ರಾಧಾ ಅವರದು, ದನಿ ರಾಧಿಕಾ ಅವರದು! ರಾಧಿಕಾ ಕೂಡ ಭಾರತಿರಾಜಾ ಅವರ 'ಕಿಳಕ್ಕೇ ಪೋಗುಂ ರೈಲ್' (1978) ಚಿತ್ರದಿಂದ ಬಂದವರೇ. ಇಬ್ಬರು ನಟಿಯರು ಸೇರಿ ಒಂದು ಹುಡುಗಿ ಆದಳು. ಗೊತ್ತಿಲ್ಲದೆ ನೋಡಿದರೆ ಹೊಲಿಗೆ ಎಲ್ಲಿದೆ ಅಂತ ಕಾಣುವುದಿಲ್ಲ.

'ಗೀತಾ' (1981), 'ಪಲ್ಲವಿ ಅನುಪಲ್ಲವಿ' (1983) ಚಿತ್ರಗಳಿಂದ ನಮ್ಮ ಮನೆಮಾತಾದ ಇಳಯರಾಜ ಇಲ್ಲಿ ಏನು ಮಾಡಿದ್ದಾರೆ ಅನ್ನುವುದನ್ನು ಬರೆದು ತೋರಿಸಲಾಗದು. ಮಲೇಷ್ಯಾ ವಾಸುದೇವನ್ ಅವರ ಗಂಟಲಿನಲ್ಲಿ ಆ ಮುದುಕನ ಒಂಟಿತನ ಹಾಡಾಗುತ್ತದೆ, ಜಾನಕಿಯವರ ದನಿ ಹೊಳೆಯ ಆಚೆಯಿಂದ ಓಗೊಡುತ್ತದೆ. ತಮಾಷೆಯೆಂದರೆ, ಸಂಗೀತಕ್ಕೆ ಮೊದಲು ಚಿತ್ರ ನೋಡಿದ ಇಳಯರಾಜ ಅವರಿಗೆ ಇದು ಹಿಡಿಸಿರಲಿಲ್ಲವಂತೆ! ಭಾರತಿರಾಜಾ ಅವರೇ ಹೇಳಿರುವ ಮಾತು. ಹಿಡಿಸದ ಚಿತ್ರಕ್ಕೇ ಇಂಥ ಸಂಗೀತ ಕೊಟ್ಟರು. ಹಿಡಿಸಿದ್ದರೆ ಏನು ಕೊಡುತ್ತಿದ್ದರೋ!

ಲೆಕ್ಕ ಹಾಕಿ ನೋಡಿ

ಕಥೆಗೆ ಹಿಂತಿರುಗೋಣ. ಒಂದು ದಿನ ಕುಯಿಲ್‌ಳ ಹರಿಗೋಲನ್ನು ಒಬ್ಬ ಅಪರಿಚಿತ ಹತ್ತುತ್ತಾನೆ (ಸತ್ಯರಾಜ್). ಜೈಲಿನಿಂದ ಬಿಡುಗಡೆಯಾಗಿ ಬಂದವನು. ಮಾತಿನ ಮಧ್ಯೆ ನಿಜ ಹೊರಬೀಳುತ್ತದೆ. ಪೊನ್ನಾತ್ತಾಳನ್ನು ಬಸಿರು ಮಾಡಿ ಬಿಟ್ಟು ಹೋದವನು ಇವನೇ! ಈಗ ಊರಿಗೆ ಹೊರಟಿದ್ದಾನೆ. ಇವನು ಬಾಯಿ ಬಿಟ್ಟರೆ ಮಲೈಚಾಮಿ ಇಷ್ಟು ವರ್ಷ ಜೀವ ತೇದು ಕಾಪಾಡಿದ ಮರ್ಯಾದೆ ಬೀದಿಪಾಲು.

ಹೊಳೆಯ ನಡುವೆ ಹರಿಗೋಲು. ಹುಟ್ಟು ಅವಳ ಕೈಯಲ್ಲಿ. ಅವನು ಆಚೆ ದಡ ಸೇರಲಿಲ್ಲ.

ಕುಯಿಲ್ ಜೈಲಿಗೆ ಹೋಗುತ್ತಾಳೆ. ಏಕೆ ಕೊಂದೆ ಎಂದರೆ ಬಾಯಿ ಬಿಡುವುದಿಲ್ಲ. ಬಾಯಿ ಬಿಟ್ಟರೆ ಕೊಂದದ್ದೇ ದಂಡ! ಮಲೈಚಾಮಿ ದೊಡ್ಡ ಮನೆ ಬಿಟ್ಟು ಅವಳ ಗುಡಿಸಲಿಗೆ ಬಂದು ಕೂರುತ್ತಾನೆ. ಕಾಯುತ್ತಾನೆ. ಕೊನೆಗೆ ಅವಳು ಬರುತ್ತಾಳೆ. ಅವಳನ್ನು ನೋಡಿದ ಮೇಲೆ ಆ ಜೀವ ನೆಮ್ಮದಿಯಾಗಿ ಹೋಗುತ್ತದೆ. ವಾಪಸು ಹೋಗುವ ರೈಲಿನಲ್ಲಿ ಅವಳೂ ಕಣ್ಣು ಮುಚ್ಚುತ್ತಾಳೆ.

ಥಿಯೇಟರಿನಲ್ಲಿ ಕರವಸ್ತ್ರ ಒದ್ದೆಯಾಗುವುದು ಸಹಜ. ಆದರೆ ಮನೆಗೆ ಬಂದ ಮೇಲೆ ಒಂದು ಲೆಕ್ಕ ಹಾಕಿ. ದೊಡ್ಡ ಮನೆಯ ಹೆಸರು ಉಳಿಯಿತು. ಬೆಲೆ ತೆತ್ತವರು ಯಾರು? ಸೆವುಳಿ ಜೀವ ತೆತ್ತಳು. ಚೆಂಗೋಡನ್ ಮಗಳನ್ನು ತೆತ್ತ. ಕುಯಿಲ್ ಬಾಳನ್ನು ತೆತ್ತಳು. ಮೂವರೂ ಊರ ಸಾಲಿನ ಕೊನೆಯವರು. ಊರಿನ ಮರ್ಯಾದೆ ಅನ್ನುವುದು ಹೀಗೇ. ಅನುಭವಿಸುವವರು ಒಬ್ಬರು, ಕಂದಾಯ ಕಟ್ಟುವವರು ಇನ್ನೊಬ್ಬರು. ಮಲೈಚಾಮಿಗೆ ಈ ಲೆಕ್ಕ ಅರ್ಥವಾಯಿತು. ಅದಕ್ಕೇ ಅವನು ದೊಡ್ಡ ಮನೆಯಲ್ಲಿ ಸಾಯಲು ಒಪ್ಪಲಿಲ್ಲ. ಊರು ತನಗೆ ಕೊಟ್ಟ ಮೊದಲ ಮರ್ಯಾದೆಯನ್ನು ಗುಡಿಸಲಿನ ಬಾಗಿಲಲ್ಲಿ ಇಟ್ಟುಹೋದ.

ಚಿತ್ರದಲ್ಲಿ ತಪ್ಪಿಲ್ಲ ಅಂತಲ್ಲ. ಪೊನ್ನಾತ್ತಾಳಾಗಿ ವಡಿವುಕ್ಕರಸಿ ಬೆಂಕಿಯಂತೆ ನಟಿಸಿದ್ದಾರೆ. ಆದರೆ ಅವಳ ಕಡೆಯ ಕಥೆಯನ್ನು ಚಿತ್ರ ಕೇಳುವುದೇ ಇಲ್ಲ. ಒಬ್ಬ ಗಂಡಸಿನಿಂದ ಮೋಸಹೋಗಿ, ಇನ್ನೊಬ್ಬ ಗಂಡಸಿನ ಉಪಕಾರದ ಅಡಿಯಲ್ಲಿ ಬದುಕೆಲ್ಲ ಹೆಂಡತಿ ಅನ್ನಿಸಿಕೊಳ್ಳದೆ ಇದ್ದವಳು ಅವಳು. ಆ ಬಾಯಿ ಅಷ್ಟು ಕಹಿಯಾದದ್ದು ಸುಮ್ಮನೆಯೇ? ಸೆವುಳಿಯೂ ಅಷ್ಟೇ. ಬಂದಳು, ನಕ್ಕಳು, ಸತ್ತಳು. ಅವಳ ಕೇರಿಯವರು ಒಬ್ಬರಾದರೂ ಎದ್ದು ನಿಂತು ಕೇಳಿದ್ದರೆ! 1985ರ ಚಿತ್ರ ನ್ಯಾಯಕ್ಕಾಗಿ ದೊಡ್ಡಮನುಷ್ಯನ ಒಳ್ಳೆಯತನವನ್ನೇ ನಂಬಿ ಕೂತಿದೆ. ಒಳ್ಳೆಯ ಗೌಡ ಸಿಕ್ಕರೆ ಬದುಕಿದೆ, ಸಿಗದಿದ್ದರೆ ಇಲ್ಲ. ಎರಡು ವರ್ಷದ ಮೇಲೆ 'ವೇದಂ ಪುದಿದು' (1987) ಮಾಡುವಾಗ ಭಾರತಿರಾಜಾ ಜಾತಿಯನ್ನು ಇನ್ನೂ ನೇರವಾಗಿ ಕೈಗೆತ್ತಿಕೊಂಡರು.

ಬಸ್ಸು ಹೊರಡುವ ಮುನ್ನ

ಈಗ ನಮ್ಮ ವಿಷಯಕ್ಕೆ ಬನ್ನಿ. ಚಿತ್ರ ಬಂದು ನಲವತ್ತು ವರ್ಷ ಆಯಿತು. ಮರ್ಯಾದೆ ಎಂಬ ಅದೇ ಮಾತು ಪತ್ರಿಕೆಗಳಲ್ಲಿ ಈಗಲೂ ಬರುತ್ತಿದೆ. ಆದರೆ ಅದರ ಪಕ್ಕದಲ್ಲಿ ಇನ್ನೊಂದು ಮಾತು ಸೇರಿದೆ. ಮರ್ಯಾದಾ ಹತ್ಯೆ! ತಮಿಳುನಾಡಿನಿಂದಲೂ ಬರುತ್ತದೆ, ನಮ್ಮ ಕರ್ನಾಟಕದಿಂದಲೂ ಬರುತ್ತದೆ. ಬೇರೆ ಜಾತಿಯ ಹುಡುಗನನ್ನು ಕಟ್ಟಿಕೊಂಡಳೆಂದು ಹೆತ್ತವರೇ, ಒಡಹುಟ್ಟಿದವರೇ ಕೈಯೆತ್ತಿದ ಸುದ್ದಿ. ಚಿತ್ರದಲ್ಲಿ ಸೆವುಳಿಯನ್ನು ಕೊಂದದ್ದು ಒಡವೆಯ ಆಸೆ. ಇಲ್ಲಿ ಕೊಲ್ಲುವುದು ಹೆಸರಿನ ಆಸೆ.

2018ರ ಮಾರ್ಚ್ 27ರಂದು ಸುಪ್ರೀಂ ಕೋರ್ಟು ಶಕ್ತಿ ವಾಹಿನಿ ಪ್ರಕರಣದಲ್ಲಿ ಖಡಾಖಂಡಿತವಾಗಿ ಹೇಳಿತು. ವಯಸ್ಸಿಗೆ ಬಂದ ಇಬ್ಬರು ಒಪ್ಪಿ ಮದುವೆಯಾದರೆ ಮನೆಯವರಾಗಲಿ, ಜಾತಿಯವರಾಗಲಿ, ಪಂಚಾಯ್ತಿಯಾಗಲಿ ಅಡ್ಡ ಬರುವ ಹಾಗಿಲ್ಲ. ಬೆದರಿಕೆ ಇರುವ ಜೋಡಿಗೆ ರಕ್ಷಣೆ ಕೊಡಬೇಕು, ಜಿಲ್ಲೆಜಿಲ್ಲೆಯಲ್ಲಿ ಇದಕ್ಕೆಂದೇ ವಿಶೇಷ ವ್ಯವಸ್ಥೆ ಇರಬೇಕು ಅಂತಲೂ ಆದೇಶ ಮಾಡಿತು. ಜಾತಿ, ಮತ ಕೇಳದೆ ಮದುವೆ ನೋಂದಾಯಿಸುವ ವಿಶೇಷ ವಿವಾಹ ಕಾಯ್ದೆಯಂತೂ 1954ರಿಂದಲೇ ಇದೆ. ಅಂದರೆ ಈಗ ಒಳ್ಳೆಯ ಗೌಡನಿಗಾಗಿ ಕಾಯಬೇಕಿಲ್ಲ. ಕಾಗದದ ಮೇಲಾದರೂ!

ಆದರೆ ಕಾಗದದಿಂದ ಊರಿಗೆ ದಾರಿ ದೂರ. ಆ ದಾರಿ ನಡೆಯಬೇಕಾದವರು ಯಾರು? ಈ ಪತ್ರಿಕೆ ಕೈಯಲ್ಲಿ ಹಿಡಿದು ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತ ನೀವೇ ಸ್ವಾಮಿ! ನಾಳೆ ನಿಮ್ಮ ಗೆಳೆಯ ಚೆಲ್ಲಕಣ್ಣುವಿನ ಹಾಗೆ ಬಂದು, ಮಚ್ಚಾ, ಹಿಂಗಾಗಿದೆ ಅಂದರೆ ಏನು ಮಾಡುತ್ತೀರಿ? ತಮಾಷೆ ಮಾಡಿ ಕಳಿಸುತ್ತೀರೋ? ಮನೆಯವರಿಗೆ ಚಾಡಿ ಹೇಳುತ್ತೀರೋ? ಅಥವಾ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಾಕ್ಷಿ ಸಹಿ ಹಾಕಲು ಜೊತೆಗೆ ಹೋಗುತ್ತೀರೋ? ನಾಡಿದ್ದು ನಿಮ್ಮ ತಂಗಿಯೇ ಬಂದು ಹೇಳಿದರೆ? ಮೂವತ್ತು ವರ್ಷದ ಮೇಲೆ ನಿಮ್ಮ ಮಗಳು ಬಂದು ಹೇಳಿದರೆ? ಆಗ ನೀವು ಚಾಮಯ್ಯ ಮೇಷ್ಟ್ರೋ, ಮಲೈಚಾಮಿಯೋ?

ತೆರೆಯ ಮೇಲೆ ಕುಯಿಲ್‌ಗಾಗಿ ಅಳುವುದು ಸುಲಭ. ಟಿಕೆಟ್ಟಿನ ದುಡ್ಡಿಗೆ ಅದು ಸಿಗುತ್ತದೆ. ಊರಿನಲ್ಲಿ ಒಬ್ಬ ಸೆವುಳಿಗೆ ಎದ್ದು ನಿಂತು ಜಾಗ ಬಿಟ್ಟುಕೊಡುವುದಕ್ಕೆ ಟಿಕೆಟ್ಟು ಇಲ್ಲ, ಅದಕ್ಕೆ ಗುಂಡಿಗೆ ಬೇಕು.

ಹಾಂ, ನಿಮ್ಮ ಬಸ್ಸು ಬಂತು ಅಂತ ಕಾಣುತ್ತದೆ. ಹತ್ತಿ. ಕೊಳ್ಳೇಗಾಲದ ಕಡೆಯದಾದರೆ ಕಿಟಕಿಯ ಪಕ್ಕ ಕೂತುಕೊಳ್ಳಿ. ಕಾವೇರಿ ಸೇತುವೆ ದಾಟುವಾಗ ಒಮ್ಮೆ ಕೆಳಗೆ ನೋಡಿ. ನೀರಿನ ಮೇಲೆ ಹರಿಗೋಲು ಕಂಡರೆ, ಅಲ್ಲಿಂದಲೇ ಒಂದು ನಮಸ್ಕಾರ ಹಾಕಿ.

ಮೊದಲ ಮರ್ಯಾದೆ ಅಲ್ಲಿಗೆ ಸಲ್ಲಲಿ!